ಬಣ್ಣದ ಪರದೆಯೂ ಮೂಕ ರೋಗಿಯೂ

ಮನರಂಜನೆಯನ್ನು ಮಾರುವ ಸಂಸ್ಥೆಯೊಂದು ತನ್ನ ಹೆಸರಿನ ಫಲಕವನ್ನು ತೂಗುಹಾಕಿ ಸಾಕುಪ್ರಾಣಿಗಳ ಆಸ್ಪತ್ರೆಗಳನ್ನು ನಡೆಸಬಹುದೆ? ಈ ಪ್ರಶ್ನೆಯನ್ನು ಕೇಳಿ ಕೆಲವರು ನಗಬಹುದು. ಸಿನಿಮಾ, ಟಿ.ವಿ.ಗಳ ವ್ಯಾಪಾರಕ್ಕೂ ನಾಯಿಯ ಹೊಟ್ಟೆನೋವಿಗೂ ಎಲ್ಲಿಯ ನಂಟು ಎನ್ನಬಹುದು. ಆದರೆ ನಂಟಿಲ್ಲದ ವ್ಯಾಪಾರಗಳು ಈ ಕ್ಷೇತ್ರಕ್ಕೆ ಕಾಲಿಟ್ಟು ವರ್ಷಗಳೇ ಕಳೆದಿವೆ. ಚಾಕೊಲೇಟಿನಿಂದ ಲೋಕಪ್ರಸಿದ್ಧವಾದ ಅಮೆರಿಕದ ಮಾರ್ಸ್ ಕಂಪನಿ 2017ರಲ್ಲಿ ವಿಸಿಎ ಎಂಬ ಪಶುವೈದ್ಯ ಸರಪಳಿಯನ್ನು ಸುಮಾರು 910 ಕೋಟಿ ಡಾಲರಿಗೆ ಕೊಂಡಿತು. ನಮ್ಮ ದೇಶದಲ್ಲಿ, ಪ್ಯಾಕಿಂಗಿಗೆ ಬಳಸುವ ಪ್ಲಾಸ್ಟಿಕ್ ಹಾಳೆಗಳನ್ನು ತಯಾರಿಸುವ ಕಾಸ್ಮೋ ಕಂಪನಿ 2021ರಲ್ಲಿ ‘ಜಿಗ್ಲಿ’ ಎಂಬ ಹೆಸರಿನಡಿ ಸಾಕುಪ್ರಾಣಿಗಳ ಆಹಾರ, ಆರೈಕೆ, ಚಿಕಿತ್ಸೆಗಳ ಮಳಿಗೆಗಳಿಗೆ ಕೈಹಾಕಿತು. ಇವರೆಲ್ಲ ಬಂದ ಮೇಲೆ ಮನರಂಜನೆಯವರು ಬರಲಾರರೆಂದು ಭಾವಿಸುವುದು ಮುಗ್ಧತೆಯಾದೀತು. ಅವರು ಬರುವ ಮೊದಲೇ ನಮ್ಮ ನಿಲುವು ಸ್ಪಷ್ಟವಾಗಿರಬೇಕು. ಆ ನಿಲುವು ಇದು: ಅವರ ಹಣ ಬರಲಿ, ಅವರ ಆಡಳಿತವೂ ಬೇಡ, ಫಲಕವೂ ಬೇಡ.

ಹೊರನಾಡ ಕನ್ನಡಿಗರ ಪತ್ರಿಕೆಯೊಂದಕ್ಕೆ ಈ ಚರ್ಚೆಯ ಗೊಡವೆ ಏಕೆ ಎಂದು ಕೇಳುವವರಿಗೆ ನಮ್ಮ ಮನೆಗಳೇ ಉತ್ತರ ಹೇಳುತ್ತವೆ. ಊರಿನಲ್ಲಿ ನಮ್ಮ ಹಿರಿಯರಿಗೆ ಪಶುವೈದ್ಯನೆಂದರೆ ‘ದನದ ಡಾಕ್ಟರು’. ಆತ ಸರಕಾರದ ಸಂಬಳಗಾರ. ಹಸು ಹಾಲು ಕೊಡುತ್ತದೆ, ಎತ್ತು ಗೇಯುತ್ತದೆ; ಆದ್ದರಿಂದ ಅವುಗಳ ಆರೋಗ್ಯ ರಾಜ್ಯದ ಹೊಣೆ ಎಂಬುದು ಅಲ್ಲಿನ ಲೆಕ್ಕಾಚಾರ. ಅಂಗಳದ ನಾಯಿಗೆ ಖಾಯಿಲೆಯಾದರೆ ಅರಸಿನವೇ ಮದ್ದು, ದೇವರೇ ವೈದ್ಯ. ಕೋಪರಿ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ಎರಡು ಕೋಣೆಯ ಮನೆಗಳಿಗೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಇಲ್ಲಿ ಹಸುವಿಲ್ಲ, ಅಂಗಳವಿಲ್ಲ. ಮಗ ಪುಣೆಯಲ್ಲೋ ಪರದೇಶದಲ್ಲೋ ಇದ್ದಾನೆ. ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ನಿವೃತ್ತರಾದ ತಂದೆ, ಮೊಣಕಾಲು ನೋವಿನ ತಾಯಿ, ಅವರ ನಡುವೆ ಒಂದು ನಾಯಿ ಅಥವಾ ಬೆಕ್ಕು. ಹಾಲನ್ನೂ ದುಡಿಮೆಯನ್ನೂ ಕೊಡದ ಈ ಜೀವ ಆ ಮನೆಗೆ ಸಂಜೆಯ ಮಾತನ್ನು ಕೊಡುತ್ತದೆ. ಅದಕ್ಕೆ ಜ್ವರ ಬಂದರೆ ಸರಕಾರಿ ‘ದನದ ಡಾಕ್ಟರು’ ಇಲ್ಲ; ಖಾಸಗಿ ವೈದ್ಯನೇ ಗತಿ. ಆ ವೈದ್ಯನ ಒಡೆಯನಾರು ಎಂಬುದು ಆದ್ದರಿಂದ ನಮ್ಮ ಪ್ರಶ್ನೆಯೇ.

ಎದುರು ಪಕ್ಷದ ವಾದ ದುರ್ಬಲವಾದುದೇನಲ್ಲ. ಅದನ್ನು ನ್ಯಾಯವಾಗಿ ಮುಂದಿಡುವುದು ಉಚಿತ. ಒಳ್ಳೆಯ ಪಶುವೈದ್ಯಕೀಯಕ್ಕೆ ಇಂದು ಹಣ ಬೇಕು. ಕ್ಷಕಿರಣ, ರಕ್ತಪರೀಕ್ಷೆ, ಶಸ್ತ್ರಚಿಕಿತ್ಸೆಯ ಕೊಠಡಿ, ರಾತ್ರಿ ಪಾಳಿಯ ಸಿಬ್ಬಂದಿ ಇವೆಲ್ಲವನ್ನೂ ಒಬ್ಬ ವೈದ್ಯ ತನ್ನ ಸಣ್ಣ ಗಾಳೆಯಲ್ಲಿ ಒದಗಿಸಲಾರ. ಕಾನೂನು ಮಹಾನಗರಪಾಲಿಕೆಗಳ ಹೆಗಲಿಗೇರಿಸಿರುವುದು ಮುಖ್ಯವಾಗಿ ಬೀದಿನಾಯಿಗಳ ಸಂತಾನನಿಯಂತ್ರಣ ಮತ್ತು ಲಸಿಕೆಯ ಕೆಲಸವನ್ನು. ಪರೇಲಿನ ಪಶುವೈದ್ಯ ಕಾಲೇಜು 1886ರಷ್ಟು ಹಳೆಯದು. ಆದರೆ ಅದು ಮುಂಬಯಿಯಲ್ಲಿದೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟಿನವರು 2024ರಲ್ಲಿ ತೆರೆದ ಸಾಕುಪ್ರಾಣಿಗಳ ಆಸ್ಪತ್ರೆ 98,000 ಚದರಡಿಯ, ಐದು ಅಂತಸ್ತುಗಳ, ಸುಮಾರು 165 ಕೋಟಿ ರೂಪಾಯಿ ವೆಚ್ಚದ ಭವ್ಯ ಸಂಸ್ಥೆ. ಈ ಆಸ್ಪತ್ರೆಗೆ ಮೊದಲು ಗೊತ್ತಾಗಿದ್ದ ಸ್ಥಳ ನವಿ ಮುಂಬಯಿಯಲ್ಲಿತ್ತು. ದೂರದ ಪ್ರಯಾಣ ಪ್ರಾಣಿಗಳಿಗೂ ಸಾಕಿದವರಿಗೂ ಕಷ್ಟವಾದೀತೆಂದು ಅದನ್ನು ನಗರದ ಮಧ್ಯಕ್ಕೆ ಒಯ್ಯಲಾಯಿತು. ದಕ್ಷಿಣ ಮುಂಬಯಿಯವರ ಕಷ್ಟ ತಪ್ಪಿತು. ನಮ್ಮ ಕಷ್ಟ ಉಳಿಯಿತು. ಕೋಪರಿಯಿಂದ ಹೊರಟ ರಿಕ್ಷಾ ಸಾಯನ್ ದಾಟುವಂತಿಲ್ಲ. ಉಸಿರಿಗೆ ತಡಕಾಡುವ ನಾಯಿಯನ್ನು ಎತ್ತಿಕೊಂಡು ನಡುದಾರಿಯಲ್ಲಿ ವಾಹನ ಬದಲಿಸಬೇಕು. ಹೀಗಿರುವಾಗ ಯಾವುದೋ ಶ್ರೀಮಂತ ಮನರಂಜನಾ ಸಂಸ್ಥೆ ಬಂದು ಠಾಣೆಯಲ್ಲೊಂದು, ಡೊಂಬಿವಲಿಯಲ್ಲೊಂದು ಆಸ್ಪತ್ರೆ ತೆರೆದರೆ ಕೊಂಕು ನುಡಿಯುವುದೇಕೆ? ಹಸಿದವನು ಬಡಿಸುವವನ ಕುಲ ಕೇಳುತ್ತಾನೆಯೆ?

ಕೇಳಬೇಕು ಎಂಬುದೇ ನಮ್ಮ ಉತ್ತರ. ಇಲ್ಲಿ ಕೇಳಬೇಕಾದುದು ಬಡಿಸುವವನ ಕುಲವಲ್ಲ, ಕಸುಬು. ಮನರಂಜನೆಯ ಕಸುಬೆಂದರೆ ಆಸೆಯನ್ನು ಹುಟ್ಟಿಸುವುದು. ಪಶುವೈದ್ಯನ ಕಸುಬಿನಲ್ಲಿ ಬಹುಪಾಲು ಆಸೆಗೆ ಕಡಿವಾಣ ಹಾಕುವುದು. ‘ಈ ತಳಿಯನ್ನು ಕೊಳ್ಳಬೇಡಿ, ನಿಮ್ಮ ಮನೆಗೂ ಈ ಹವೆಗೂ ಅದು ಒಗ್ಗದು’. ‘ಇದರಿಂದ ಮರಿ ಮಾಡಿಸಬೇಡಿ’. ‘ಈ ಶಸ್ತ್ರಚಿಕಿತ್ಸೆಯಿಂದ ನಿಮ್ಮ ಹಣ ಖರ್ಚಾದೀತೇ ಹೊರತು ಪ್ರಾಣ ಉಳಿಯದು’. ಕೊನೆಗೆ, ‘ಇನ್ನು ನೋವಿಲ್ಲದೆ ಕಳುಹಿಸಿಕೊಡೋಣ’. ಒಳ್ಳೆಯ ಪಶುವೈದ್ಯ ಆಡಲೇಬೇಕಾದ ಇಂಥ ಅಪ್ರಿಯ ಮಾತುಗಳಲ್ಲಿ ಮನರಂಜನೆಯ ಲಾಭಕ್ಕೆ ನೆರವಾಗುವಂಥದು ಒಂದೂ ಇಲ್ಲ. ಒಂದೇ ಸಂಸ್ಥೆ ಮುಂಬಾಗಿಲಲ್ಲಿ ಆಸೆಯನ್ನು ಮಾರಿ ಹಿಂಬಾಗಿಲಲ್ಲಿ ಅದಕ್ಕೆ ಕಡಿವಾಣ ಹಾಕಲಾರದು. ಎರಡರಲ್ಲಿ ಒಂದು ಸೋಲುತ್ತದೆ. ಸೋಲುವುದು ಸಂಬಳಕ್ಕೆ ದುಡಿಯುವ ವೈದ್ಯನ ಮಾತೇ.

ಇದಕ್ಕೆ ನಿದರ್ಶನ ನಮ್ಮ ಕಣ್ಣೆದುರಿನಲ್ಲೇ ನಡೆದಿದೆ. 2003ರಲ್ಲಿ ಹಚ್ ಎಂಬ ದೂರವಾಣಿ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಹಿಂದೆಯೇ ನಡೆಯುವ ಪಗ್ ಜಾತಿಯ ನಾಯಿಯೊಂದು ಕಾಣಿಸಿಕೊಂಡಿತು. ಮಾರಿದ್ದು ದೂರವಾಣಿಯನ್ನು, ಆದರೆ ಜನ ಮನಸೋತದ್ದು ನಾಯಿಗೆ. ದೇಶದ ಉದ್ದಗಲಕ್ಕೂ ಪಗ್ ಮರಿಗಳಿಗೆ ಬೇಡಿಕೆ ಏರಿತು. ಆ ಸುಕ್ಕು ಮುಖದ ಚೆಲುವಿನ ಹಿಂದಿರುವ ಸಂಕಟವನ್ನು ಪರದೆ ತೋರಿಸಲಿಲ್ಲ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಅದು ಮುಖ್ಯವಾಗಿ ಏದುಸಿರು ಬಿಟ್ಟೇ ದೇಹದ ಕಾವನ್ನು ಇಳಿಸಿಕೊಳ್ಳಬೇಕು. ಮೂಗು ಚಪ್ಪಟೆಯಾಗುವಂತೆ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿಯಲ್ಲಿ ಉಸಿರಿನ ದಾರಿ ಇಕ್ಕಟ್ಟು. ಮೇ ತಿಂಗಳಿನಲ್ಲಿ, ತಗಡಿನ ಚಾವಣಿಯ ಅಥವಾ ಮೇಲಂತಸ್ತಿನ ಮನೆಯಲ್ಲಿ, ವಿದ್ಯುತ್ತು ಹೋದ ಮಧ್ಯಾಹ್ನ ಅಂಥ ನಾಯಿ ಪಡುವ ಪಾಡನ್ನು ಸಾಕಿದವರು ಬಲ್ಲರು. ಜಾಹೀರಾತು ಮುಗಿಯಿತು, ಹಚ್ ಎಂಬ ಹೆಸರೇ 2007ರಲ್ಲಿ ವೋಡಾಫೋನ್ ಆಗಿ ಮರೆಯಾಯಿತು, ನಾಯಿಯ ಉಸಿರಾಟದ ತೊಂದರೆ ಮಾತ್ರ ಪಶುವೈದ್ಯರ ಪಾಲಿಗೂ ಸಾಕಿದವರ ಜೇಬಿಗೂ ಉಳಿಯಿತು. ಅಮೆರಿಕದಲ್ಲಿಯೂ 1996ರಲ್ಲಿ ಡಿಸ್ನಿಯ ‘101 ಡಾಲ್ಮೇಷಿಯನ್ಸ್’ ಚಿತ್ರ ಬಂದ ಮೇಲೆ ಚುಕ್ಕೆನಾಯಿಗಳನ್ನು ಮುಗಿಬಿದ್ದು ಕೊಂಡವರು, ಅವುಗಳ ತುಂಟತನವನ್ನು ತಾಳಲಾರದೆ ನಾಯಿಧಾಮಗಳಿಗೆ ತಂದುಬಿಟ್ಟರು. ಈ ಸಂಸ್ಥೆಗಳೇ ಚಿಕಿತ್ಸಾಲಯಗಳನ್ನೂ ನಡೆಸಿದ್ದರೆ, ‘ನಮ್ಮ ಪರದೆಯ ನಾಯಿಯನ್ನು ಕೊಳ್ಳಬೇಡಿ’ ಎಂದು ಗೋಡೆಯ ಮೇಲೆ ಬರೆಸುತ್ತಿದ್ದವೆ?

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಚಲನಚಿತ್ರದಲ್ಲಿ ಪ್ರಾಣಿಯನ್ನು ಬಳಸಬೇಕಾದರೆ 2001ರ ಪ್ರದರ್ಶಕ ಪ್ರಾಣಿಗಳ ನೋಂದಣಿ ನಿಯಮಗಳ ಪ್ರಕಾರ ಪ್ರಾಣಿಕಲ್ಯಾಣ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು. ಪ್ರಾಣಿ ಆರೋಗ್ಯವಾಗಿದೆಯೆಂಬ ಪಶುವೈದ್ಯನ ಪ್ರಮಾಣಪತ್ರ ಒದಗಿಸಬೇಕು. ಹಿಂದೆ ಕುದುರೆಗಳನ್ನು ಹಗ್ಗ ಕಟ್ಟಿ ಬೀಳಿಸಿ ಚಿತ್ರೀಕರಿಸಿದ ಕಾಲವಿತ್ತೆಂಬುದನ್ನು ನೆನೆದರೆ ಈ ನಿಯಮದ ಬೆಲೆ ತಿಳಿಯುತ್ತದೆ. ಈಗ ಊಹಿಸಿಕೊಳ್ಳಿ: ಚಿತ್ರ ತೆಗೆಯುವ ಸಂಸ್ಥೆಯದೇ ಆಸ್ಪತ್ರೆ, ಆ ಆಸ್ಪತ್ರೆಯ ವೈದ್ಯನದೇ ಸಹಿ. ದಿನವೊಂದಕ್ಕೆ ಲಕ್ಷಾಂತರ ರೂಪಾಯಿ ವೆಚ್ಚವಾಗುವ ಚಿತ್ರೀಕರಣದ ಬೆಳಿಗ್ಗೆ ‘ಈ ನಾಯಿಗೆ ಜ್ವರವಿದೆ, ಇಂದು ಕೆಲಸ ಬೇಡ’ ಎಂದು ಆತ ತನ್ನ ಒಡೆಯನಿಗೇ ಹೇಳಬೇಕು. ಆತ ಪ್ರಾಮಾಣಿಕನಿರಬಹುದು. ಆದರೆ ಪ್ರತಿದಿನ ಒಬ್ಬ ಮನುಷ್ಯನ ಧೈರ್ಯವನ್ನು ಪರೀಕ್ಷೆಗೊಡ್ಡುವ ವ್ಯವಸ್ಥೆ ಒಳ್ಳೆಯ ವ್ಯವಸ್ಥೆಯಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆ ವೈದ್ಯನನ್ನು ನೋಂದಾಯಿಸುತ್ತದೆ, ತಪ್ಪಿದರೆ ಶಿಕ್ಷಿಸುತ್ತದೆ; ಆತನಿಗೆ ಸಂಬಳ ಕೊಡುವ ಒಡೆಯನನ್ನು ನೋಂದಾಯಿಸುವುದಿಲ್ಲ. ಒತ್ತಡ ಹೇರುವವನು ಕಾನೂನಿನ ಹೊರಗೆ, ಒತ್ತಡಕ್ಕೆ ಮಣಿಯುವವನು ಕಾನೂನಿನ ಒಳಗೆ!

ಹಾಗಾದರೆ ಮಾರ್ಸ್ ಮುಂತಾದವರು ನಡೆಸುತ್ತಿಲ್ಲವೆ, ಲೋಕ ಮುಳುಗಿತೆ ಎಂದು ಕೇಳಬಹುದು. ಲೋಕ ಮುಳುಗಲಿಲ್ಲ, ಆದರೆ ಬೆಲೆ ಏರಿತು. ಬ್ರಿಟನ್ನಿನಲ್ಲಿ 2013ರಲ್ಲಿ ಪಶುವೈದ್ಯ ಚಿಕಿತ್ಸಾಲಯಗಳ ಪೈಕಿ ದೊಡ್ಡ ಸಮೂಹಗಳ ಒಡೆತನದಲ್ಲಿದ್ದವು ಸುಮಾರು ಶೇಕಡಾ 10 ಮಾತ್ರ. ಹತ್ತೇ ವರ್ಷಗಳಲ್ಲಿ ಅದು ಶೇಕಡಾ 60ರ ಹತ್ತಿರಕ್ಕೆ ಬಂತು. ಅನೇಕ ಕಡೆ ಹಳೆಯ ವೈದ್ಯನ ಹೆಸರಿನ ಫಲಕವನ್ನೇ ಉಳಿಸಿಕೊಂಡಿದ್ದರಿಂದ ಒಡೆಯ ಬದಲಾದದ್ದು ಗಿರಾಕಿಗೆ ತಿಳಿಯಲೇ ಇಲ್ಲ. ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2024ರಲ್ಲಿ ವಿಧಿವತ್ತಾದ ತನಿಖೆ ಆರಂಭಿಸಿ, 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ತಾತ್ಕಾಲಿಕ ತೀರ್ಮಾನದಲ್ಲಿ 2016ರಿಂದ 2023ರ ನಡುವೆ ಚಿಕಿತ್ಸೆಯ ದರ ಶೇಕಡಾ 63ರಷ್ಟು ಏರಿದೆಯೆಂದೂ, ದೊಡ್ಡ ಸಮೂಹಗಳ ದರ ಸ್ವತಂತ್ರ ವೈದ್ಯರಿಗಿಂತ ಸರಾಸರಿ ಶೇಕಡಾ 16ಕ್ಕೂ ಮಿಗಿಲಾಗಿ ಹೆಚ್ಚೆಂದೂ ಹೇಳಿತು. ಬಿಗಿಯಾದ ಕಾನೂನು, ಜಾಗೃತ ಗ್ರಾಹಕ, ಸಾಕುಪ್ರಾಣಿಗಳ ವಿಮೆ ಇವೆಲ್ಲ ಇರುವ ದೇಶದಲ್ಲಿಯೇ ಹೀಗಾದರೆ, ಇದ್ದ ಹಣವನ್ನು ಎಣಿಸಿ ಕೊಡುವ ಡೊಂಬಿವಲಿಯ ನಿವೃತ್ತರ ಗತಿಯೇನು?

ಮೂರನೆಯ ಮಾತು ಹೆಸರಿನ ಕುರಿತು. ವೈದ್ಯಾಲಯಕ್ಕೂ ವ್ಯಾಪಾರಕ್ಕೂ ಒಂದೇ ನಂಟಿನ ಹೆಸರಿದ್ದರೆ, ವ್ಯಾಪಾರದ ಮೇಲಿನ ಮೋಹವೂ ಮುನಿಸೂ ವೈದ್ಯಾಲಯದ ಮೇಲೆ ಬೀಳುತ್ತವೆ. ಬೆಳಗಾವಿಯ ಗಡಿಗೆ ದೂರವಲ್ಲದ, ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನಮಠದ ಆನೆ ಮಹಾದೇವಿಯ ಪ್ರಕರಣವನ್ನು ಓದುಗರು ಮರೆತಿರಲಾರರು. 2025ರ ಜುಲೈಯಲ್ಲಿ ನ್ಯಾಯಾಲಯದ ಆದೇಶದಂತೆ ಆ ಆನೆಯನ್ನು ಜಾಮನಗರದಲ್ಲಿ ರಿಲಯನ್ಸ್ ಸಮೂಹದವರು ನಡೆಸುವ ವನತಾರಾ ಕೇಂದ್ರಕ್ಕೆ ಸಾಗಿಸಿದಾಗ, ನೊಂದ ಭಕ್ತರು ಜಿಯೋ ದೂರವಾಣಿಯನ್ನು ತೊರೆಯುವ ಚಳವಳಿ ಹೂಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತಾನೇ ನೇಮಿಸಿದ ತನಿಖಾ ದಳದ ವರದಿಯನ್ನು ಒಪ್ಪಿ, ವನತಾರಾದಲ್ಲಿ ನಿಯಮಭಂಗವಾಗಿಲ್ಲವೆಂದಿತು. ಆನೆಗೆ ಮಠ ಲೇಸೋ ಚಿಕಿತ್ಸಾ ಕೇಂದ್ರ ಲೇಸೋ ಎಂಬುದು ಇಲ್ಲಿನ ವಿಷಯವಲ್ಲ. ಅದು ಕಾಡುಪ್ರಾಣಿಯ ಮಾತು, ನಮ್ಮದು ಮನೆಯ ಪ್ರಾಣಿಯ ಮಾತು. ನಾವು ಗಮನಿಸಬೇಕಾದುದು ಇಷ್ಟು: ಪಶುವೈದ್ಯಕೀಯದ ಪ್ರಶ್ನೆಯಾಗಬೇಕಿದ್ದದ್ದು ಸಿಮ್ ಕಾರ್ಡಿನ ಪ್ರಶ್ನೆಯಾಯಿತು. ಆನೆಯ ಕಾಲಿನ ಹುಣ್ಣು, ಕೀಲಿನ ನೋವುಗಳ ಚರ್ಚೆ ಮರೆಗೆ ಸರಿದು ಉದ್ಯಮಪತಿಯ ಪರ–ವಿರೋಧಗಳು ಮುಂದೆ ಬಂದವು. ಇದೇ ಸಮೂಹದ ಜಿಯೋಸ್ಟಾರ್ ಸಂಸ್ಥೆಯ ಕೈಯಲ್ಲಿ 2024ರ ನವೆಂಬರಿನಿಂದ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಇವೆ ಎಂಬುದನ್ನು ನೆನಪಿಸಿಕೊಂಡರೆ, ನಮ್ಮ ನಡುಮನೆಯ ಪರದೆಗೂ ಪ್ರಾಣಿಗಳ ಆಸ್ಪತ್ರೆಗೂ ನಡುವಣ ದೂರ ನಾವು ತಿಳಿದಷ್ಟು ಹೆಚ್ಚಿನದಲ್ಲವೆಂದು ಮನವರಿಕೆಯಾದೀತು.

ಮನರಂಜನೆಯ ಲೋಕಕ್ಕೆ ಪ್ರಾಣಿಗಳ ಮೇಲೆ ಕರುಣೆಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಸರಿಯಾದ ದಾರಿಯನ್ನು ತೋರಿಸಿಕೊಟ್ಟ ನಿದರ್ಶನ ಕನ್ನಡದಲ್ಲೇ ಇದೆ. 2022ರಲ್ಲಿ ಬಂದ ‘777 ಚಾರ್ಲಿ’ ಚಿತ್ರವನ್ನು ಹೊರನಾಡಿನ ಕನ್ನಡಿಗರೂ ಕಣ್ಣೀರಿಟ್ಟು ನೋಡಿದರು. ಸ್ವರ್ಗದ ಬಾಗಿಲಲ್ಲಿಯೂ ನಾಯಿಯನ್ನು ಬಿಡೆನೆಂದ ಧರ್ಮರಾಯನನ್ನು ನೆನಪಿಸುವಂತೆ ಅದರ ನಾಯಕನ ಹೆಸರೂ ಧರ್ಮ. ಲಾಭಕ್ಕಾಗಿ ರಕ್ತಸಂಬಂಧದಲ್ಲಿಯೇ ಮರಿ ಮಾಡಿಸುವ ದಂಧೆಯ ಕ್ರೌರ್ಯವನ್ನು ಆ ಚಿತ್ರ ಮುಚ್ಚಿಡಲಿಲ್ಲ. ಕರ್ನಾಟಕ ಸರಕಾರ ಅದಕ್ಕೆ ಆರು ತಿಂಗಳ ತೆರಿಗೆ ವಿನಾಯಿತಿ ನೀಡಿತು. ಚಿತ್ರ ಗೆದ್ದ ಮೇಲೆ, ಲಾಭದ ಶೇಕಡಾ 5ನ್ನು ಪ್ರಾಣಿಗಳಿಗಾಗಿ ದುಡಿಯುವ ಸೇವಾಸಂಸ್ಥೆಗಳಿಗೆ ಚಾರ್ಲಿಯ ಹೆಸರಿನಲ್ಲಿ ಕೊಡುವುದಾಗಿ ರಕ್ಷಿತ್ ಶೆಟ್ಟಿಯವರು ಘೋಷಿಸಿದರು. ಗಮನಿಸಿ: ‘ಚಾರ್ಲಿ ಕ್ಲಿನಿಕ್’ ತೆರೆಯುವುದಾಗಿ ಹೇಳಲಿಲ್ಲ. ಆ ಹೆಸರಿನ ಮೋಡಿಗೆ ಆಗ ಬೆಂಗಳೂರಿನಿಂದ ಮುಂಬಯಿಯವರೆಗೆ ಚಿಕಿತ್ಸಾಲಯಗಳ ಸಾಲೇ ಎದ್ದು ನಿಲ್ಲಬಹುದಿತ್ತು. ಅದರ ಬದಲು, ಕೆಲಸ ಬಲ್ಲವರ ಕೈಗೆ ಹಣ ಕೊಡುವ ಮಾರ್ಗವನ್ನು ಆರಿಸಿಕೊಳ್ಳಲಾಯಿತು. ಕಲಾವಿದನಿಗೆ ಕಥೆ ಹೇಳಲು ಗೊತ್ತು, ಕಣ್ಣೀರು ತರಿಸಲು ಗೊತ್ತು. ಹುಣ್ಣನ್ನು ಒಣಗಿಸುವ ವಿದ್ಯೆ ಬೇರೆ. ಈ ವಿವೇಕವೇ ನಮ್ಮ ವಾದದ ತಿರುಳು.

ಸಾಕುಪ್ರಾಣಿಯ ಚಿಕಿತ್ಸೆ ಶೋಕಿಯ ಬಾಬತ್ತು, ಅದನ್ನು ಯಾರು ನಡೆಸಿದರೇನು ಎಂಬ ಉದಾಸೀನವೂ ನಮ್ಮಲ್ಲಿದೆ. ಇದು ಅಪಾಯಕರ. ರೇಬಿಸ್ ರೋಗದ ಲಕ್ಷಣ ಕಾಣಿಸಿದ ಮೇಲೆ ಮನುಷ್ಯನನ್ನು ಉಳಿಸಿಕೊಳ್ಳುವುದು ಅಸಾಧ್ಯವೆನ್ನುವಷ್ಟು ಕಷ್ಟ. ನಾಯಿಗೆ ಚುಚ್ಚುವ ಲಸಿಕೆ ಮನೆಯ ಮಗುವಿಗೆ ಕಟ್ಟಿದ ರಕ್ಷೆ. 2005ರ ಜುಲೈ 26ರ ಮಹಾಪ್ರಳಯದಲ್ಲಿ ಠಾಣೆ, ಕಲ್ಯಾಣ್ ಪ್ರದೇಶಗಳೂ ಮುಳುಗಿದ್ದು ನಮ್ಮವರಿಗೆ ನೆನಪಿದೆ. ನೀರಿಳಿದ ಮೇಲೆ ಮುಂಬಯಿ ಪ್ರದೇಶದಲ್ಲಿ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಹಲವರನ್ನು ಬಲಿ ತೆಗೆದುಕೊಂಡಿತು. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಈ ರೋಗ ನಾಯಿಗೂ ತಗಲುತ್ತದೆ, ಸೋಂಕಿದ ನಾಯಿಯಿಂದ ಮನುಷ್ಯನಿಗೂ ಬರಬಲ್ಲುದು. ಮಳೆಗಾಲದ ಮೊದಲು ನಾಯಿಗೆ ಅದರ ಲಸಿಕೆ ಹಾಕಿಸಿರೆಂದು ಹೇಳುವ ಬಡಾವಣೆಯ ವೈದ್ಯ ಸಾರ್ವಜನಿಕ ಆರೋಗ್ಯದ ಕಾವಲುಗಾರ. ಅಂಥ ಸ್ಥಾನವನ್ನು ಗೊಂಬೆ, ಅಂಗಿ, ಸಿನಿಮಾ ಟಿಕೆಟುಗಳ ಜೊತೆಗೆ ಒಂದೇ ಬುಟ್ಟಿಯಲ್ಲಿಟ್ಟು ಮಾರಲಾಗದು. ಇನ್ನೊಂದು ಮಾತು: ಮನರಂಜನೆಯ ಬ್ರ್ಯಾಂಡಿನ ಆಯುಸ್ಸು ಜನರ ಅಭಿರುಚಿಯಷ್ಟೇ. ನೋಡುಗರು ಬೇರೆಡೆ ತಿರುಗಿದರೆ ಅದು ಹೊಸ ವ್ಯಾಪಾರಕ್ಕೆ ಹಾರುತ್ತದೆ. ನಾಯಿ ಬದುಕುವುದು ಹತ್ತು–ಹದಿನಾಲ್ಕು ವರ್ಷ. ಅದರ ಖಾಯಿಲೆಯ ಚರಿತ್ರೆ ಬಲ್ಲ ವೈದ್ಯ ಅಷ್ಟೂ ಕಾಲ ಅಲ್ಲೇ ಇರಬೇಕು.

ದಾನಿಯ ಹೆಸರಿಗೆ ನಾವು ವಿರೋಧಿಗಳಲ್ಲ. ಪರೇಲಿನ ಪ್ರಾಣಿಗಳ ಆಸ್ಪತ್ರೆ ಇಂದಿಗೂ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಅವರ ಹೆಸರನ್ನೇ ಹೊತ್ತಿದೆ. ಹತ್ತಿಗಿರಣಿಗಳ ಒಡೆಯರಾದ ಪೆಟಿಟರು 19ನೆಯ ಶತಮಾನದಲ್ಲಿ ಉದಾರವಾಗಿ ನೀಡಿದರು. ಆಸ್ಪತ್ರೆಯನ್ನು ನಡೆಸಿದ್ದು 1874ರಲ್ಲಿ ಸ್ಥಾಪನೆಯಾದ ಪ್ರಾಣಿಹಿಂಸಾ ನಿವಾರಣ ಸಂಘ. ಅಲ್ಲಿಗೆ ಬಂದ ಎತ್ತಿನ ಗಾಡಿಯವನಿಗೆ ಪೆಟಿಟರ ಗಿರಣಿಯ ಬಟ್ಟೆ ಮಾರಬೇಕೆಂಬ ಉದ್ದೇಶ ಆ ದಾನದ ಹಿಂದಿರಲಿಲ್ಲ. ನಮ್ಮ ಸಮಾಜದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಿಗೆ ಹೋಟೆಲು ಮಾಲಿಕರು ಹಣ ಕೊಟ್ಟರು. ಲೋಟ ತೊಳೆದು ಬಂದ ಹುಡುಗರು ಅಲ್ಲಿ ಕಲಿತು ಗುಮಾಸ್ತರಾದರು, ವಕೀಲರಾದರು. ಪಾಠ ಹೇಳಿದವರು ಮೇಷ್ಟ್ರು. ಹೋಟೆಲಿನ ತಿಂಡಿಪಟ್ಟಿಯನ್ನು ಯಾರೂ ಪಠ್ಯಪುಸ್ತಕಕ್ಕೆ ಅಂಟಿಸಲಿಲ್ಲ. ಕೊಟ್ಟವನೂ ಕಲಿಸಿದವನೂ ಬೇರೆ ಬೇರೆಯಾಗಿದ್ದರಿಂದಲೇ ಆ ಶಾಲೆಗಳಿಗೆ ಗೌರವವಿತ್ತು.

ಆದ್ದರಿಂದ ನಮ್ಮ ಬೇಡಿಕೆ ಇಂತಿದೆ. ಮನರಂಜನಾ ಸಂಸ್ಥೆಗಳಿಗೆ ಪ್ರಾಣಿಗಳ ಋಣ ತೀರಿಸುವ ಮನಸ್ಸಿದ್ದರೆ, ಸ್ವತಂತ್ರ ವಿಶ್ವಸ್ತ ಮಂಡಳಿಗೆ ಹಣ ಕೊಡಲಿ; ಆ ಮಂಡಳಿಯಲ್ಲಿ ನೋಂದಾಯಿತ ಪಶುವೈದ್ಯರೂ ನಾಗರಿಕರೂ ಬಹುಸಂಖ್ಯೆಯಲ್ಲಿರಲಿ. ಚಿಕಿತ್ಸಾಲಯವನ್ನು ಯಾರೇ ತೆರೆಯಲಿ, ಒಡೆಯನಾರೆಂಬುದೂ ದರಗಳ ಪಟ್ಟಿಯೂ ಬಾಗಿಲಲ್ಲೇ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಬರೆದಿರಲಿ. ಚಿತ್ರೀಕರಣದ ಪ್ರಾಣಿಗೆ ಪ್ರಮಾಣಪತ್ರ ಕೊಡುವ ವೈದ್ಯ ಆ ಚಿತ್ರಸಂಸ್ಥೆಯ ಸಂಬಳದವನಾಗಿರದಂತೆ ಕಾನೂನು ತಿದ್ದುಪಡಿಯಾಗಲಿ. ಮರಿಗಳನ್ನು ಮಾರುವವರಿಗೆ 2017ರ ನಾಯಿತಳಿ ನಿಯಮಗಳೂ 2018ರ ಸಾಕುಪ್ರಾಣಿ ಅಂಗಡಿಗಳ ನಿಯಮಗಳೂ ಇವೆ. ಅವುಗಳ ಜಾರಿಯನ್ನು ಕೇಳುವ ನಾಗರಿಕರು ಬೇಕು.

ಕೊನೆಯ ಮಾತು ನಮ್ಮ ಸಂಘಗಳಿಗೆ. ರಾಜ್ಯೋತ್ಸವಕ್ಕೆ ಚಿತ್ರನಟರನ್ನು ಕರೆಸಲು ನಾವು ವ್ಯಯಿಸುವ ಶ್ರಮದ ಒಂದು ಪಾಲು ಸಾಕು: ವರ್ಷಕ್ಕೊಮ್ಮೆ, ಮಳೆಗಾಲದ ಮುನ್ನ, ಸಂಘದ ಸಭಾಗೃಹದ ಅಂಗಳದಲ್ಲಿ ಲಸಿಕೆಯ ಶಿಬಿರ ನಡೆಸಬಹುದು. ಊರಿನಲ್ಲಿ ಓದಿ ಇಲ್ಲಿ ನೆಲೆಸಿರುವ ಪಶುವೈದ್ಯರು ನಮ್ಮ ನಡುವೆ ಇದ್ದರೆ ಅವರ ನೆರವು ಕೇಳಬಹುದು. ಠಾಣೆ, ಕಲ್ಯಾಣ್–ಡೊಂಬಿವಲಿ, ನವಿ ಮುಂಬಯಿ ಮಹಾನಗರಪಾಲಿಕೆಗಳ ಸದಸ್ಯರು ಮತ ಕೇಳಿ ಬಂದಾಗ, ರಸ್ತೆ–ನೀರಿನ ಜೊತೆಗೆ, ರಾತ್ರಿಯೂ ತೆರೆದಿರುವ ಸಾರ್ವಜನಿಕ ಪ್ರಾಣಿ ಚಿಕಿತ್ಸಾಲಯ ಎಲ್ಲಿ ಎಂದು ಪ್ರಶ್ನಿಸಬಹುದು. ಇದನ್ನೆಲ್ಲ ಮಾಡದೆ ಕುಳಿತರೆ ಖಾಲಿ ಉಳಿದ ಜಾಗಕ್ಕೆ ಥಳಥಳಿಸುವ ಫಲಕ ಬಂದೇ ಬರುತ್ತದೆ. ಆಗ ಅದನ್ನು ದೂರುವ ನೈತಿಕ ಹಕ್ಕು ನಮಗಿರಲಾರದು. ಮೂಕ ರೋಗಿಗೆ ತನ್ನ ವೈದ್ಯನನ್ನು ಆರಿಸಿಕೊಳ್ಳುವ ಶಕ್ತಿಯಿಲ್ಲ. ಅದರ ಪರವಾಗಿ ಆರಿಸಬೇಕಾದವರು ನಾವು. ಯಾರ ಹೆಸರು ಹೆಚ್ಚು ಹೊಳೆಯುತ್ತದೆಂದು ನೋಡದೆ, ಯಾರ ಮಾತಿಗೆ ಒಡೆಯನ ಹಂಗಿಲ್ಲವೆಂದು ನೋಡಿ ಆರಿಸೋಣ.